ಐದನೆಯ ತೂತು

ಮೊನ್ನೆ ಹ್ಯಾರೋ ಸ್ಟೇಷನ್ನಿನ ಗೇಟಿನ ಮುಂದೆ ನಿಂತು ಕಾರ್ಡಿಗಾಗಿ ಪರ್ಸ್ ತಡಕುತ್ತಿದ್ದಾಗ ನಾಲ್ಕು ಮಡಿಕೆಯ ಕಾಗದವೊಂದು ಕೆಳಗೆ ಬಿತ್ತು. ಹಿಂದಿದ್ದ ಹೆಂಗಸು ಎತ್ತಿಕೊಟ್ಟಳು. ಕೊಡುವಾಗ ಅದು ಬಿಚ್ಚಿಕೊಂಡಿತು. ನಟ್ಟನಡುವೆ ಮೂರು ಸಣ್ಣ ತೂತುಗಳು, ಒಂದಕ್ಕೊಂದು ಅಂಟಿಕೊಂಡು. ನಿಮ್ಮ ಪರ್ಸಿನೊಳಗೆ ಹುಳ ಸೇರಿಕೊಂಡಿದೆ, ಒಂದಿಷ್ಟು ಬಿಸಿಲಿಗೆ ಹಾಕಿ ಎಂದು ಕನಿಕರದಿಂದ ಹೇಳಿ ಮೆಟ್ಟಿಲು ಹತ್ತಿಹೋದಳು. ಲಂಡನ್ನಿನಲ್ಲಿ ಬಿಸಿಲನ್ನು ಎಲ್ಲಿಂದ ತರುವುದೆಂದು ಮಾತ್ರ ಹೇಳಲಿಲ್ಲ.

ಹುಳ ಅಲ್ಲ ಸ್ವಾಮಿ, ಅದು ನನ್ನ ಜೀವಮಾನದ ಸಾಧನೆ.

ರೈಫಲ್ ಹಿಡಿಯುವವರಲ್ಲಿ ಒಂದು ಪದ್ಧತಿ ಇದೆ. ನೂರು ಗಜ ದೂರದಲ್ಲಿ ಕಾಗದ ನಿಲ್ಲಿಸಿ ಗುಂಡು ಹಾರಿಸುತ್ತೇವೆ. ತೂತುಗಳು ಎಷ್ಟು ಒತ್ತಾಗಿ ಬಿದ್ದರೆ ಕೋವಿ ಅಷ್ಟು ಕರಾರುವಾಕ್ಕು. ವರ್ಷಕ್ಕೊಂದು ದಿನ, ಯಾವ ಪುಣ್ಯದ ಫಲವೋ, ಮೂರು ಗುಂಡುಗಳು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಹೋಗಿಬಿಡುತ್ತವೆ. ಆ ಕಾಗದವನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ತೋರಿಸಿ “ನನ್ನ ಕೋವಿ ಹೀಗೆ ಹೊಡೆಯುತ್ತದೆ” ಎನ್ನುವುದು ಪದ್ಧತಿ. ಉಳಿದ ದಿನಗಳ ಕಾಗದಗಳು ಕ್ಲಬ್ಬಿನ ಕಸದ ಡಬ್ಬಿ ಸೇರಿರುತ್ತವೆ. ಅವುಗಳ ಬಗ್ಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಅದೊಂದು ಸಭ್ಯತೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಕೂತು ಬೇರೆಯವರ ಅಂದಾಜುಗಳನ್ನು ಅನುಮಾನಿಸುವುದೇ ನನ್ನ ಉದ್ಯೋಗ. ಯಾರಾದರೂ ಒಂದು ಒಳ್ಳೆಯ ವಾರದ ಅಂಕಿ ತಂದು “ನಾವು ಯಾವಾಗಲೂ ಹೀಗೇ” ಎಂದರೆ, ಉಳಿದ ಐವತ್ತೊಂದು ವಾರ ಎಲ್ಲಿ ಹೋದವು ಎಂದು ಕೇಳಿ ಅವರ ಮುಖ ಸಣ್ಣದು ಮಾಡಿ ಸಂಬಳ ತಗೊಳ್ಳುತ್ತೇನೆ. ಅಂಥವನ ಪರ್ಸಿನಲ್ಲೂ ಆ ಕಾಗದ ಇದೆ. ಅಷ್ಟೇ ಅಲ್ಲ, ಆ ದಿನ ಗಾಳಿಯೇ ಇರಲಿಲ್ಲ, ಎಳೆಬಿಸಿಲು ಬಿದ್ದಿತ್ತು, ಹುಲ್ಲಿನ ಮೇಲೆ ಇಬ್ಬನಿ ಹೊಳೆಯುತ್ತಿತ್ತು ಎಂಬ ವರ್ಣನೆಯೂ ನನ್ನ ಬಳಿ ಸಿದ್ಧವಾಗಿದೆ. ನನ್ನನ್ನು ಈ ಹವ್ಯಾಸಕ್ಕೆ ಎಳೆದ ಲಾರೆನ್ಸ್ ಅಂಕಲ್ ಪ್ರಕಾರ ಆ ದಿನ ಜಡಿಮಳೆ. “ನೀನು ನನ್ನ ಕೊಡೆ ತಕ್ಕೊಂಡು ಹೋದವ ಇನ್ನೂ ವಾಪಸ್ ಕೊಡ್ಲಿಲ್ಲ” ಎನ್ನುತ್ತಾರೆ. ಹಾಗೇನೂ ಇಲ್ಲ ಎಂದು ವಾದಿಸಲು ನನಗೆ ಬಹಳ ಆಸೆ. ಆದರೆ ಅವರ ಕೊಡೆ ನಮ್ಮ ಮನೆಯಲ್ಲೇ ಇದೆ.

ನನ್ನ ನೆನಪುಗಳ ಮೇಲೆ ನನಗೆ ನಂಬಿಕೆ ಹೋಗಿ ಬಹಳ ಕಾಲವಾಯಿತು. ಚಿಕ್ಕಂದಿನಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಹೊಡೆಯುವ ಅಂಗಡಿಯಿತ್ತು. ಹಲಗೆಯ ಮೇಲೆ ಸಾಲಾಗಿ ಅಂಟಿಸಿದ ಬಲೂನುಗಳು, ಎದುರಿಗೆ ಮೇಜಿಗೆ ಸರಪಳಿ ಬಿಗಿದ ಗಾಳಿ ಕೋವಿ. ಅಂಗಡಿಯವನು ಬೀಡಿ ಕಚ್ಚಿಕೊಂಡು ಕೋವಿಯನ್ನು ನಡುವೆ ಮಡಚಿ ಗುಂಡು ತುಂಬಿ ಕೊಡುತ್ತಿದ್ದ. ಅದರ ನಳಿಗೆಯನ್ನು ಬೇಕೆಂದೇ ಸೊಟ್ಟ ಮಾಡಿದ್ದಾನೆಂದು ಊರಿಗೆಲ್ಲ ಗೊತ್ತು. ನಾನು ಆ ಸೊಟ್ಟವನ್ನು ಎರಡೇ ಗುಂಡಿನಲ್ಲಿ ಅಳೆದು, ಬಲೂನಿನ ಎಡಗಡೆಗೆ ಗುರಿಯಿಟ್ಟು ಹತ್ತಕ್ಕೆ ಏಳು ಒಡೆದೆ. ಅಂಗಡಿಯವನು ಕೊನೆಗೆ ಕೈಮುಗಿದ. ಈ ಕತೆಯನ್ನು ನಾನು ಲಂಡನ್ನಿನಲ್ಲಿ ಕಡಿಮೆಯೆಂದರೂ ಇಪ್ಪತ್ತು ಊಟದ ಮೇಜುಗಳಲ್ಲಿ ಹೇಳಿದ್ದೇನೆ. ಕಳೆದ ವರ್ಷ ಸುಧಕ್ಕ ಮೈಸೂರಿನಿಂದ ಬಂದು ಒಂದು ತಿಂಗಳು ಇದ್ದಳು. ಅವಳ ಮುಂದೆಯೂ ಹೇಳಿದೆ. ಅವಳು ಚಪಾತಿ ಹರಿಯುವುದನ್ನು ನಿಲ್ಲಿಸಿದಳು.

“ಏಳು ಒಡೆದಿದ್ದು ನಾನು ಕಣೋ. ನೀನು ಒಡೆದಿದ್ದು ಒಂದು. ಅದೂ ನಿನ್ನ ಬಲೂನಲ್ಲ, ಪಕ್ಕದ ಅಂಗಡಿಯವನದ್ದು. ಅಪ್ಪ ಅವನಿಗೆ ದುಡ್ಡು ಕೊಟ್ಟು ಸಮಾಧಾನ ಮಾಡಿದ್ರು.”

ನನ್ನ ಹೆಂಡತಿ ವೀಣಾ ಆ ರಾತ್ರಿ ನಕ್ಕಷ್ಟು ನಮ್ಮ ಮದುವೆಯಾದ ಮೇಲೆ ಎಂದೂ ನಕ್ಕಿರಲಿಲ್ಲ. ಇರಲಿ. ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಮುಂದೆ ಹೇಳುವುದನ್ನು ನೀವು ಎಷ್ಟು ನಂಬಬೇಕು ಎಂಬ ಅಂದಾಜು ನಿಮಗೂ ಇರಲಿ ಎಂದು.

ಲಾರೆನ್ಸ್ ಅಂಕಲ್ ಕಾರ್ಕಳದ ಕಡೆಯವರು. ಮನೆಯಲ್ಲಿ ಕೊಂಕಣಿ, ಸಿಟ್ಟು ಬಂದರೆ ತುಳು, ನಮ್ಮಂಥವರ ಜೊತೆ ಕನ್ನಡ. ಕೊಲ್ಲಿ ದೇಶದಲ್ಲಿ ಹತ್ತು ವರ್ಷ, ಆಮೇಲೆ ಇಲ್ಲಿನ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ನಿವೃತ್ತಿಯವರೆಗೆ ಫಿಟ್ಟರ್. ವಿಮಾನದ ಹೊಟ್ಟೆಯೊಳಗೆ ಮಲಗಿ ಕೂದಲಿನಷ್ಟು ಬಿರುಕು ಹುಡುಕುತ್ತಿದ್ದವರು. ಈಗ ಎಪ್ಪತ್ತಾರು. ಸೌತ್‌ಹಾಲ್‌ನಲ್ಲಿ ಸಾಲುಮನೆಯೊಂದರಲ್ಲಿ ಹಿಲ್ಡಾ ಆಂಟಿಯ ಜೊತೆ ಇದ್ದಾರೆ. ನನಗೆ ಅವರು ಸಿಕ್ಕಿದ್ದು ಹ್ಯಾರೋದಲ್ಲಿ ಕನ್ನಡದವರು ಸೇರಿ ಮಾಡಿದ ಯುಗಾದಿ ಊಟದ ಸಾಲಿನಲ್ಲಿ. ಒಬ್ಬಟ್ಟಿಗೆ ಕಾಯುತ್ತ ಮಾತಿಗೆ ಮಾತು ಬಂತು.

“ನೀನು ಎಂತ ಮಾಡುದು?”

“ಬ್ಯಾಂಕಲ್ಲಿ, ಅಂಕಲ್. ನಮ್ಮ ಲೆಕ್ಕ ಎಷ್ಟು ತಪ್ಪಾಗಬಹುದು ಅಂತ ಲೆಕ್ಕ ಹಾಕೋದು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ತಪ್ಪು ಎಷ್ಟು ಅಂತ ಗೊತ್ತಾಗ್ಬೇಕಾದ್ರೆ ನನ್ನ ಒಟ್ಟಿಗೆ ಬಾ ಮಾರಾಯ. ನೂರು ಗಜದಲ್ಲಿ ಗೊತ್ತಾಗ್ತದೆ. ಪೇಪರಲ್ಲಿ ಬರಿತದೆ.”

ಹಾಗೆ ಹೋದವನು ಹೋದೆ. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಜಲ್ಲಿ ತೆಗೆದು ಬಿಟ್ಟ ಹಳೆಯ ಗುಂಡಿಯೊಂದರಲ್ಲಿ ಅವರ ಕ್ಲಬ್ಬು. ತಿಂಗಳುಗಟ್ಟಲೆ ಉಮೇದುವಾರಿಕೆ, ಜಿಪಿ ಡಾಕ್ಟರರಿಂದ ಕಾಗದ, ಮನೆಗೆ ಪೊಲೀಸ್ ಇಲಾಖೆಯವರ ಭೇಟಿ, ಗೋಡೆಗೆ ಮೊಳೆ ಹೊಡೆದು ಕೂರಿಸಿದ ಉಕ್ಕಿನ ಕಪಾಟು. “ನಲವತ್ತೈದು ದಾಟಿದ ಮೇಲೆ ಬೇರೆಯವರ ಗಂಡಂದಿರು ಸೈಕಲ್ ತಗೋತಾರೆ” ಎಂದಳು ವೀಣಾ. ಮೊಟ್ಟೆಯನ್ನೂ ತಿನ್ನದ ಮನೆಯಲ್ಲಿ ಬೇಟೆಯ ರೈಫಲ್ಲು ಬಂದು ಕೂತಿತು. ಅದರಿಂದ ನಾನು ಇಂದಿನವರೆಗೆ ಕಾಗದವನ್ನು ಬಿಟ್ಟು ಇನ್ನೇನನ್ನೂ ಕೊಂದಿಲ್ಲ.

ಇಲ್ಲಿನ ಕಾನೂನಿನಲ್ಲಿ ಒಂದು ಚಂದವಿದೆ. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರನ್ನು ಬಿಟ್ಟು ಮನೆಯ ಮತ್ಯಾರಿಗೂ ಕಪಾಟಿನ ಕೀಲಿ ಎಲ್ಲಿದೆಯೆಂದು ತಿಳಿದಿರಬಾರದು. ಐವತ್ತು ವರ್ಷದ ಸಂಸಾರದಲ್ಲಿ ಲಾರೆನ್ಸ್ ಅಂಕಲ್ ಬಗ್ಗೆ ಹಿಲ್ಡಾ ಆಂಟಿಗೆ ತಿಳಿಯದ ಸಂಗತಿ ಅದೊಂದೇ. “ಸರಕಾರದ ಆಶೀರ್ವಾದದಿಂದ ಇವರಿಗೆ ಒಂದು ಗುಟ್ಟು ಸಿಕ್ಕಿದೆ ನೋಡು, ಅದಕ್ಕೇ ಇಷ್ಟು ಗತ್ತು” ಎಂದು ಆಕೆ ನಗುತ್ತಾರೆ.

ಅಂಕಲ್ ಬಳಿ ಇರುವುದು ಕಾರ್ಖಾನೆಯಿಂದ ಬಂದ ಸಾದಾ ರೈಫಲ್. ಇಪ್ಪತ್ತು ವರ್ಷಕ್ಕೂ ಹಿಂದೆ ಕೊಂಡದ್ದು. ಬೀಚ್ ಮರದ ಹಿಡಿ, ದಪ್ಪ ನಳಿಗೆ, ಕಾಳುಮೆಣಸಿನ ಗಾತ್ರದ ಗುಂಡು. ಹೊಲ ಹಾಳುಮಾಡುವ ಸಣ್ಣ ಪ್ರಾಣಿಗಳಿಗೆಂದೇ ಮಾಡಿದ್ದು. ಇಂಗ್ಲಿಷಿನಲ್ಲಿ ಅಂಥ ಪ್ರಾಣಿಗಳಿಗೆಲ್ಲ ಸೇರಿ ಒಂದು ತಾತ್ಸಾರದ ಹೆಸರಿದೆ. ಕನ್ನಡದಲ್ಲಿ ಏನನ್ನುವುದು ಎಂದು ಯೋಚಿಸುತ್ತಿದ್ದಾಗ ಅಂಕಲ್ ಅವರ ಊರಿನ ಮಾತೇ ಸಾಕಾಯಿತು: ಉಪದ್ರ. ಮಂಗ, ಹಂದಿ, ಮುಳ್ಳುಹಂದಿ, ಎಲ್ಲ ಉಪದ್ರ. ಆದ್ದರಿಂದ ಇದು ಉಪದ್ರದ ಕೋವಿ.

ಅವರ ಅಪ್ಪನ ಬಳಿಯೂ ಒಂದು ಉಪದ್ರದ ಕೋವಿ ಇತ್ತಂತೆ. ಮದ್ದು ಗಿಡಿದು ಹೊಡೆಯುವಂಥದು. ಚುನಾವಣೆ ಬಂತೆಂದರೆ ಊರಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಹೆಗಲ ಮೇಲೆ ಕೋವಿ ಹೊತ್ತು ಒಬ್ಬರ ಹಿಂದೊಬ್ಬರು ಗದ್ದೆಯ ಬದುವಿನಲ್ಲಿ ನಡೆಯುವ ಗಂಡಸರು, ಠಾಣೆಯ ಜಗಲಿಯಲ್ಲಿ ಚೀಟಿ ಕಟ್ಟಿ ಗೋಡೆಗೆ ಒರಗಿಸಿದ ಕೋವಿಗಳ ಸಾಲು. “ಇಲೆಕ್ಷನ್ ನೀತಿ ಸಂಹಿತೆ ಮನುಷ್ಯರಿಗೆ ಮಾತ್ರ ಅಲ್ವಾ. ಹಂದಿಗಳಿಗೆ ಅದು ಹಬ್ಬ. ಫಲಿತಾಂಶ ಬರುವಷ್ಟರಲ್ಲಿ ಗೆಣಸಿನ ಗದ್ದೆ ಪೂರಾ ಸಾಫ್.” ಈ ಚಿತ್ರ ನನ್ನ ಕಣ್ಣಿಗೆ ಎಷ್ಟು ಚೆನ್ನಾಗಿ ಕಟ್ಟಿದೆಯೆಂದರೆ, ಬದುವಿನ ಮೇಲೆ ನಾನೂ ನಡೆದಿದ್ದೇನೆ, ಕೆಸರಿನ ವಾಸನೆಯೂ ನೆನಪಿದೆ. ನಾನು ಕಾರ್ಕಳದ ಕಡೆ ಮೊದಲ ಸಲ ಹೋದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಬಸ್ಸಿನಲ್ಲಿ, ನಿದ್ದೆ ಮಾಡುತ್ತ.

ಕಾರ್ಖಾನೆಯ ಕೋವಿಗೂ ಕೈಯಲ್ಲಿ ಮಾಡಿಸಿದ ಕೋವಿಗೂ ಇರುವ ಜಗಳ ನಮ್ಮ ಕ್ಲಬ್ಬಿನಲ್ಲಿ ಪ್ರತಿ ಶನಿವಾರ ನಡೆಯುತ್ತದೆ. ದಂತವೈದ್ಯರೊಬ್ಬರಿದ್ದಾರೆ. ಅವರ ರೈಫಲ್ಲಿನ ನಳಿಗೆಯನ್ನು ಒಬ್ಬನೇ ಕಸುಬುದಾರ ಕೂತು ಕೊರೆದದ್ದು. ಹಿಡಿಯನ್ನು ಅವರ ಕೆನ್ನೆಯ ಅಳತೆಗೆ ಕೆತ್ತಿದ್ದು. ಅದಕ್ಕಾಗಿ ಅವರು ಒಂದು ವರ್ಷಕ್ಕೂ ಹೆಚ್ಚು ಕಾದಿದ್ದರು. ಅದರ ಬೆಲೆಗೆ ಒಂದು ಹಳೆಯ ಕಾರು ಬರುತ್ತದೆ. ಅಂಕಲ್ ಅವರ ಕೋವಿಯ ಬೆಲೆಗೆ ಆ ಕಾರಿನ ಟೈರುಗಳು ಬಂದರೆ ಹೆಚ್ಚು. ಆದರೂ ನೂರು ಗಜದಲ್ಲಿ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾರದೆಂದು ಹೇಳುವುದು ಕಷ್ಟವಾಗುತ್ತಿತ್ತು.

“ರೆಡಿಮೇಡ್ ಅಂಗಿ ಹಾಗೆ ಇದು” ಎನ್ನುತ್ತಿದ್ದರು ಅಂಕಲ್. “ಯಾರ ಅಳತೆಗೂ ಹೊಲಿದದ್ದಲ್ಲ. ಹತ್ತು ಅಂಗಿ ಹಾಕಿ ನೋಡಿದ್ರೆ ಒಂದು ನಿನಗೇ ಹೊಲಿದ ಹಾಗೆ ಕೂತ್ಕೊಳ್ತದೆ. ಯಾಕೆ ಗೊತ್ತುಂಟಾ? ನಳಿಗೆ ಕೊರಿಯುವ ಉಪಕರಣ ಹೊಸತಿರ್ತದಲ್ಲ, ಆಗ ಬಂದದ್ದು ಲಾಯ್ಕ ಇರ್ತದೆ. ಅದೇ ಉಪಕರಣ ಸವೆದ ಮೇಲೆ ಬಂದದ್ದು ಅಷ್ಟಕ್ಕಷ್ಟೆ. ಎರಡಕ್ಕೂ ಒಂದೇ ರೇಟು, ಒಂದೇ ಡಬ್ಬ. ನಂದು ಹೊಸ ಉಪಕರಣದ್ದು.”

“ಅದು ನಿಮಗೆ ಹೇಗೆ ಗೊತ್ತು ಅಂಕಲ್? ಮೂರು ಗುಂಡು ಹೊಡೆದು ಹೇಳೋಕಾಗಲ್ಲ. ಮೂವತ್ತಾದ್ರೂ ಹೊಡೀಬೇಕು.”

“ನೀನು ಮೂವತ್ತು ಹೊಡಿಯುವಷ್ಟರಲ್ಲಿ ಮೊಲ ಮೊಮ್ಮಕ್ಕಳ ಮುಖ ನೋಡ್ತದೆ ಮಾರಾಯ.”

ಮೊಲದ ಮಾತು ಸುಮ್ಮನೆ ಬಂದದ್ದಲ್ಲ. ಕ್ಲಬ್ಬಿನಿಂದ ಎರಡು ಮೈಲಿ ಆಚೆ ಒಂದು ಕುದುರೆ ಲಾಯವಿದೆ. ಮೊಲಗಳು ಅಲ್ಲಿನ ಹುಲ್ಲುಗಾವಲಿನಲ್ಲಿ ಬಿಲ ತೋಡುತ್ತವೆ, ಬಿಲದಲ್ಲಿ ಕಾಲು ಸಿಕ್ಕಿ ಕುದುರೆಗಳ ಮೂಳೆ ಮುರಿಯುತ್ತದೆ. ಲಾಯದ ಯಜಮಾನಿ ಜೂಡಿ ಎಂಬಾಕೆ ಹದಿನೈದು ವರ್ಷದಿಂದ ಆ ಕೆಲಸವನ್ನು ಅಂಕಲ್‌ಗೆ ವಹಿಸಿದ್ದಳು. ಬೇರೆ ಯಾರನ್ನೂ ಬೇಲಿಯೊಳಗೆ ಬಿಡುತ್ತಿರಲಿಲ್ಲ. ಸಂಜೆ ಹೊತ್ತು ಅಂಕಲ್ ಬೇಲಿಯ ಬುಡದಲ್ಲಿ ಬೋರಲು ಮಲಗಿ, ಎಪ್ಪತ್ತು ಎಂಬತ್ತು ಗಜದಲ್ಲಿ ಒಂದೇ ಗುಂಡು. ಮೊಲಕ್ಕೆ ಸದ್ದೂ ಕೇಳಿಸುತ್ತಿರಲಿಲ್ಲ. ನಾನು ಪಕ್ಕದಲ್ಲಿ ದುರ್ಬೀನು ಹಿಡಿದು, ಮೊಲದ ಕಡೆ ನೋಡದೆ, ಮರದ ಮೇಲಿನ ಹಕ್ಕಿಗಳ ಕಡೆ ನೋಡುತ್ತಿದ್ದೆ. ಸಿಕ್ಕಿದ ಮೊಲಗಳಿಗೆ ಹಿಲ್ಡಾ ಆಂಟಿ ಏನು ಮಾಡುತ್ತಿದ್ದರು ಎಂಬುದು ಅವರ ಅಡುಗೆಮನೆಯ ವಾಸನೆಯಿಂದ ನನಗೆ ತಿಳಿಯುತ್ತಿತ್ತು. ನನಗೆ ಬೇರೆ ಸಣ್ಣ ಬೋಗುಣಿಯಲ್ಲಿ ಅವರು ಕಡಲೆ ಗಸಿ ತೆಗೆದಿಡುತ್ತಿದ್ದರು.

ಕಳೆದ ಅಕ್ಟೋಬರಿನ ಒಂದು ಸಂಜೆ ಗುಂಡು ಮೊಲದ ತಲೆಗೆ ಬೀಳಲಿಲ್ಲ. ಹಿಂಭಾಗಕ್ಕೆ ಬಿತ್ತು. ಮೊಲ ಹಿಂಗಾಲು ಎಳೆದುಕೊಂಡು ಬಿಲದೊಳಗೆ ನುಗ್ಗಿತು. ಅಂಕಲ್ ಬಿಲದ ಬಾಯಲ್ಲಿ ಮಂಡಿಯೂರಿ ಕತ್ತಲಾಗುವವರೆಗೆ ಕಾದರು. ಮೊಲ ಹೊರಗೆ ಬರಲಿಲ್ಲ. ಸೌತ್‌ಹಾಲ್‌ವರೆಗೂ ಕಾರಿನಲ್ಲಿ ಬಂದೆವು. ಇಳಿಯುವಾಗ “ಕೋವಿ ಹೋಯ್ತು ಮಾರಾಯ. ನಳಿಗೆ ಸವೆದಿದೆ” ಎಂದರು.

ಅದರ ಮರು ಶನಿವಾರ ಕಾಗದದ ಮೇಲೆ ಅವರ ಗುಂಡುಗಳು ತಟ್ಟೆಯಗಲಕ್ಕೆ ಚೆಲ್ಲಿಬಿದ್ದವು. ಅಂಕಲ್ ನಳಿಗೆಯನ್ನು ತಿಕ್ಕಿದರು. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪಿನ ತಿರುಪುಗಳನ್ನು ಬಿಚ್ಚಿ ಮತ್ತೆ ಬಿಗಿದರು. ಬೇರೆ ತಯಾರಿಕೆಯ ತೋಟಾ ತಂದರು. ಮತ್ತೆ ತಟ್ಟೆಯಗಲ. ಜೂಡಿ ಫೋನ್ ಮಾಡಿದರೆ ರೈಫಲ್ ರಿಪೇರಿಯಲ್ಲಿದೆ ಎಂದರು. ವಸಂತದೊಳಗೆ ಅವರ ಪರವಾನಗಿ ನವೀಕರಿಸಬೇಕಿತ್ತು, ಜೂಡಿಗೂ ಏನಾದರೊಂದು ಹೇಳಬೇಕಿತ್ತು. ಅಂಕಲ್ ತೀರ್ಮಾನ ಸರಳವಾಗಿತ್ತು. ತಪ್ಪು ಕೋವಿಯದಾದರೆ ಅದನ್ನು ಕೊಟ್ಟು ಇನ್ನೊಂದು ಕಾರ್ಖಾನೆ ಕೋವಿ ತಗೊಂಡು ಮುಂದುವರಿಯುವುದು. ತಪ್ಪು ತಮ್ಮದಾದರೆ ಮೊಲದ ಕೆಲಸ ಅಲ್ಲಿಗೇ ಬಿಡುವುದು. “ಕೊಲ್ಲುದು ಬೇರೆ. ಗಾಯ ಮಾಡಿ ಬಿಡುದು ಬೇರೆ. ಅದು ನನ್ನಿಂದ ಆಗ್ಲಿಕ್ಕಿಲ್ಲ.”

ಇಲ್ಲಿ ನನ್ನ ವಿದ್ಯೆ ಬಾಯಿ ಹಾಕಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅಂಕಲ್, ಇಷ್ಟು ದಿನ ನೀವು ಕೋವಿಯ ಕಡೆಯದನ್ನೇ ಬದಲಿಸುತ್ತಿದ್ದೀರಿ, ಈಗ ಕೋವಿಯನ್ನು ಹಾಗೇ ಇಟ್ಟು ಹೊಡೆಯುವ ಮನುಷ್ಯನನ್ನು ಬದಲಿಸಿ ನೋಡಿ ಎಂದೆ. ತುಂಬ ಜಾಣನ ಧಾಟಿಯಲ್ಲಿ ಹೇಳಿದೆ. ಅವರು “ಸರಿ. ಶನಿವಾರ ನನ್ನ ಕೋವಿಯಲ್ಲಿ ನೀನು ಐದು ಹಾಕು. ಹತ್ತು ಪೆನ್ನಿ ನಾಣ್ಯದ ಅಡಿಯಲ್ಲಿ ಐದೂ ಮುಚ್ಚಿದ್ರೆ ಕೋವಿ ಸರಿ ಉಂಟು, ನಾನು ಸರಿ ಇಲ್ಲ” ಎಂದರು. ಆ ಪ್ರಯೋಗದಲ್ಲಿ ನಾನು ಚೆನ್ನಾಗಿ ಹೊಡೆದರೆ ಏನಾಗುತ್ತದೆ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದು ಷೂ ಬಿಚ್ಚುವಾಗ.

ಶುಕ್ರವಾರ ಸಂಜೆ ಹಿಲ್ಡಾ ಆಂಟಿ ಫೋನ್ ಮಾಡಿದರು.

“ಪ್ರಸಾದಾ, ಊಟ ಆಯ್ತಾ? ನಿನ್ನತ್ರ ಒಂದು ಹೇಳ್ಲಿಕ್ಕುಂಟು. ನಾಳೆ ನೀನು ಹೊಡಿಯುದಂತೆ ಅಲ್ವಾ?”

“ಹೌದು ಆಂಟಿ.”

“ಇವರು ಶನಿವಾರ ಹೋಗಿ ಬಂದ್ರೆ ವಾರ ಇಡೀ ಮನುಷ್ಯರ ಹಾಗೆ ಇರ್ತಾರೆ. ಕಳೆದ ಚಳಿಗಾಲ ಬೆನ್ನು ನೋವು ಅಂತ ಒಂದು ತಿಂಗಳು ಮನೆಯಲ್ಲಿ ಕೂತದ್ದು ನಿಂಗೆ ಗೊತ್ತುಂಟಲ್ಲ. ನನ್ನ ಕಪಾಟಿನ ಬಾಗಿಲೆಲ್ಲ ಬಿಚ್ಚಿ ಜೋಡ್ಸಿದ್ರು. ಈಗ ಒಂದೂ ಮುಚ್ಚುದಿಲ್ಲ.” ಆಮೇಲೆ ದನಿ ತಗ್ಗಿಸಿ, “ನಾನು ಎಂತದೂ ಹೇಳುದಿಲ್ಲ ಮಗಾ. ಕೋವಿ ಹಳೆ ಆಯ್ತು ಅಂತ ಆದ್ರೆ ಹೊಸತು ತಕ್ಕೊಳ್ಳಿಕ್ಕೆ ನಾನು ಬೇಡ ಹೇಳುದಿಲ್ಲ. ಅಷ್ಟೆ” ಎಂದರು.

ಏನೂ ಹೇಳುವುದಿಲ್ಲ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹತ್ತರ ಸುಮಾರು. ಬಿಸಿಲಿತ್ತೋ ಮೋಡವಿತ್ತೋ ಹೇಳುವ ಧೈರ್ಯ ನನಗಿಲ್ಲ. ಗಾಳಿಯ ಗುರುತಿಗೆಂದು ಕಟ್ಟಿದ ರಿಬ್ಬನ್ ಜೋತುಬಿದ್ದಿತ್ತು ಎಂಬುದು ಮಾತ್ರ ನಿಜ, ಅದನ್ನು ಅಂಕಲ್ ಕೂಡ ಒಪ್ಪುತ್ತಾರೆ. ಅವರು ಕೋವಿಯನ್ನು ಮರಳುಚೀಲದ ಮೇಲೆ ಕೂರಿಸಿ, ಬೋಲ್ಟ್ ತೆರೆದು, ಐದು ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಹಳೆಯ ಹ್ಯಾಂಗರಿನ ಶಿಸ್ತು. ಆಮೇಲೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು.

ಆ ಕೋವಿ ಹೆಗಲಿಗೆ ಬಂದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನ್ನದೂ ಅದೇ ಕಾರ್ಖಾನೆಯದು, ಅದೇ ಮಾದರಿ. ಆದರೆ ಇದರ ಟ್ರಿಗರ್ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತಿತ್ತು. ಇಪ್ಪತ್ತು ವರ್ಷ ಒಂದೇ ಬೆರಳಿಗೆ ಒಗ್ಗಿದ ನಯ. ಮೊದಲ ಗುಂಡು. ಎರಡನೆಯದು ಅದರ ಪಕ್ಕದಲ್ಲಿ. ಮೂರನೆಯದು ಅವೆರಡರ ನಡುವೆ. ನಾಲ್ಕನೆಯದು ಹಾರಿದಾಗ ಸ್ಕೋಪಿನಲ್ಲಿ ಹೊಸ ತೂತೇ ಕಾಣಲಿಲ್ಲ, ಹಳೆಯದೇ ತುಸು ದೊಡ್ಡದಾಯಿತು. ನಳಿಗೆ ಸವೆದಿಲ್ಲ. ನಳಿಗೆಗೆ ಏನೂ ಆಗಿಲ್ಲ.

ಐದನೆಯದನ್ನು ತುಂಬಿದೆ. ಇಲ್ಲಿಂದ ಮುಂದಿನದನ್ನು ನಾನು ನೂರು ಸಲ ನೆನಪಿಸಿಕೊಂಡಿದ್ದೇನೆ. ನೂರು ಸಲ ಉಜ್ಜಿದ ಪಾತ್ರೆಯ ಮೇಲೆ ಕೊರೆದ ಹೆಸರಿನ ಹಾಗೆ ಅದು ಈಗ ಓದಲು ಬರುವುದಿಲ್ಲ. ಹಿಲ್ಡಾ ಆಂಟಿಯ ಕಪಾಟಿನ ಬಾಗಿಲುಗಳು ನೆನಪಾದವೆ? ಹಿಂದೆ ಕುರ್ಚಿ ಕಿರುಗುಟ್ಟಿತೆ? ಬೇಕೆಂದೇ ಬೆರಳು ಜಗ್ಗಿದೆನೆ, ಅಥವಾ ಜಗ್ಗಬಾರದು ಎಂದುಕೊಂಡದ್ದಕ್ಕೇ ಅದು ಜಗ್ಗಿತೆ? ಗುಂಡು ಹಾರಿತು. ಉಳಿದ ನಾಲ್ಕರಿಂದ ಎರಡು ಬೆರಳು ಕೆಳಗೆ ಒಂಟಿ ತೂತು.

ಗುರಿಯ ಕಡೆ ಹೋಗಲು ಅಪ್ಪಣೆ ಸಿಕ್ಕ ಮೇಲೆ ಇಬ್ಬರೂ ನಡೆದೆವು. ಅಂಕಲ್ ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

“ಗಾಳಿ ಬಂತು ಅನ್ಸತ್ತೆ ಅಂಕಲ್” ಎಂದೆ.

“ಗಾಳಿ ಗುಂಡನ್ನು ಪಕ್ಕಕ್ಕೆ ದೂಡುದು. ಕೆಳಗೆ ಎಳಿಯುದಿಲ್ಲ. ಕೆಳಗೆ ಎಳಿಯುದು ಬೆರಳು.”

“ನಳಿಗೆ...”

“ನಳಿಗೆ ಸವೆದಿದ್ರೆ ಐದೂ ಐದು ದಿಕ್ಕಿಗೆ ಹೋಗ್ಬೇಕು. ಇಲ್ಲಿ ನಾಲ್ಕು ಒಂದೇ ಮನೆಯಲ್ಲಿ ಉಂಟು.” ಜೇಬಿನಿಂದ ನಾಣ್ಯ ತೆಗೆದು ನಾಲ್ಕರ ಮೇಲಿಟ್ಟರು. ಸುತ್ತಲೂ ಜಾಗ ಉಳಿಯಿತು. “ನಾಲ್ಕು ಕೋವಿದು. ಐದನೆಯದ್ದು ನಿಂದು.”

ನಾಣ್ಯವನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

“ಹಿಲ್ಡಾ ಫೋನ್ ಮಾಡಿದ್ಲಾ?”

“ಮಾಡಿದ್ರು.”

“ಬೇಕಂತ ಹೊಡೆದದ್ದಾ?”

“ಗೊತ್ತಿಲ್ಲ ಅಂಕಲ್. ನಿಜವಾಗಿ ಗೊತ್ತಿಲ್ಲ.”

ಅವರು ತಿರುಗಿ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರಿಗೆ ನಗು ಬಂತು. “ಅಷ್ಟು ಕಾಲೇಜು ಓದಿ ನೀನು ಕಲ್ತದ್ದು ಇದೊಂದು ಮಾತು. ಲಾಯ್ಕ ಕಲ್ತಿದ್ದಿ.”

ಅಲ್ಲೇ ಗುರಿಹಲಗೆಯ ಪಕ್ಕಕ್ಕೆ ಸರಿದು ಫೋನ್ ತೆಗೆದರು. ನಂಬರು ಹುಡುಕಲು ಫೋನನ್ನು ತೋಳುದ್ದ ಹಿಡಿದು, ಆಮೇಲೆ ಮೂಗಿನ ಬಳಿ ತಂದು, ಕೊನೆಗೆ ನನ್ನ ಕೈಗೆ ಕೊಟ್ಟು “ಜೂಡಿ ಅಂತ ಉಂಟು ನೋಡು” ಎಂದರು. ಒತ್ತಿ ಕೊಟ್ಟೆ. ಆಕೆಯ ದನಿ ನನಗೆ ಕೇಳಿಸಲಿಲ್ಲ, ಇವರದು ಮಾತ್ರ ಕೇಳಿಸಿತು.

“ಜೂಡಿ? ಲಾರೆನ್ಸ್ ಹಿಯರ್. ಯು ಫೈಂಡ್ ಸಂಬಡಿ ಎಲ್ಸ್, ಡಿಯರ್... ನೋ, ನೋ. ನಥಿಂಗ್ ರಾಂಗ್ ವಿತ್ ದ ರೈಫಲ್. ದ ರೈಫಲ್ ಈಸ್ ಪರ್ಫೆಕ್ಟ್.” ಅಲ್ಲಿ ಅವರು ಸ್ವಲ್ಪ ನೆಟ್ಟಗಾದರು. “ಇಟ್ಸ್ ಓನ್ಲಿ ಮೀ.”

ತಮ್ಮ ಮನೆಯ ಹುಡುಗನ ಮೇಲೆ ಬಂದ ಅಪವಾದ ಸುಳ್ಳೆಂದು ತೀರ್ಮಾನವಾದಾಗ ಹಿರಿಯರು ಮಾತಾಡುವ ಧಾಟಿ ಅದು. ತಮ್ಮ ಕೆಲಸ ಹೋದ ಸುದ್ದಿಯನ್ನು ಅವರು ಆ ಧಾಟಿಯಲ್ಲೇ ಹೇಳಿ ಮುಗಿಸಿದರು. ನಾಲ್ಕು ತಿಂಗಳಿನ ತಲೆಬಿಸಿ ಅವರ ಭುಜದಿಂದ ಇಳಿದದ್ದು ನನಗೆ ಕಂಡಿತು. ಕಂಡಿತು ಎಂದು ಈಗ ಅನ್ನಿಸುತ್ತದೆ. ಇಪ್ಪತ್ತು ವರ್ಷದ ಜೊತೆಗಾರನನ್ನು ಅಷ್ಟು ದಿನ ಸುಮ್ಮನೆ ದೂರಿದ ಸಂಕಟವೇ ಅವರಿಗೆ ದೊಡ್ಡದಾಗಿತ್ತೋ ಏನೋ.

ಪರವಾನಗಿ ನವೀಕರಿಸುವಾಗ ಕಾರಣದ ಜಾಗದಲ್ಲಿ ಅವರು ಪ್ರಾಣಿಗಳ ವಿಷಯ ಬಿಟ್ಟು ಬರೀ ಗುರಿ ಅಭ್ಯಾಸ ಎಂದು ಬರೆದರು. ಶನಿವಾರ ತಪ್ಪುವುದಿಲ್ಲ. ಅವರ ಗುಂಡುಗಳು ತಟ್ಟೆಯಗಲಕ್ಕೇ ಬೀಳುತ್ತವೆ. ಈಗ ಅವರು ಅದನ್ನು ನೋಡಿ “ಇವತ್ತು ದೋಸೆ, ಹೋದ ವಾರ ನೀರು ದೋಸೆ” ಎಂದು ಅಗಲ ಹೇಳುತ್ತಾರೆ. ದಂತವೈದ್ಯರಿಗೂ ಆ ಲೆಕ್ಕ ಅಭ್ಯಾಸವಾಗಿದೆ. ಹಿಲ್ಡಾ ಆಂಟಿ ಆ ಫೋನಿನ ವಿಷಯ ಎತ್ತಿಲ್ಲ, ನಾನೂ ಎತ್ತಿಲ್ಲ. ಈ ಸಂಭಾಷಣೆಗಳಲ್ಲಿ ಎಷ್ಟು ಅವರಾಡಿದ್ದು, ಎಷ್ಟು ನಾನು ಆಮೇಲೆ ಒಪ್ಪ ಮಾಡಿದ್ದು ಎಂದು ನೀವು ಕೇಳಿದರೆ ನನ್ನ ಉತ್ತರ ಗುರಿಹಲಗೆಯ ಮುಂದೆ ಕೊಟ್ಟದ್ದೇ.

ಆದರೆ ಆ ದಿನ ಅಲ್ಲಿಗೇ ಮುಗಿಯಲಿಲ್ಲ. ಫೋನು ಜೇಬಿಗಿಟ್ಟು ಅವರು ಹಲಗೆಯ ಮೇಲೆ ಹೊಸ ಕಾಗದ ಅಂಟಿಸಿದರು. ಮೇಜಿಗೆ ವಾಪಸು ಬಂದು ಇನ್ನೈದು ತೋಟಾ ಸಾಲಾಗಿ ನಿಲ್ಲಿಸಿದರು.

“ಇನ್ನೊಂದು ಐದು ಹಾಕು. ಈ ಸಲ ಐದನ್ನೂ ಕೋವಿಗೇ ಬಿಡು.”

ಬಿಟ್ಟೆ. ಮತ್ತೆ ಅಪ್ಪಣೆಗೆ ಕಾದು, ಮತ್ತೆ ನೂರು ಗಜ ನಡೆದೆವು. ಅಂಕಲ್ ಈ ಸಲ ಕನ್ನಡಕವನ್ನು ಹಣೆಗೇರಿಸಲಿಲ್ಲ, ನಾಣ್ಯವನ್ನೂ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಕಾಗದದ ಮೇಲೆ ಮೆಲ್ಲಗೆ ಆಡಿಸಿದರು, ಹರಿದ ಅಂಚು ಸಿಕ್ಕಲ್ಲಿ ನಿಲ್ಲಿಸಿದರು, ಅದರ ಮೇಲೆ ಹೆಬ್ಬೆರಳು ಒತ್ತಿದರು. ನಾನು ಬಗ್ಗಿ ಸುತ್ತಲೂ ನೋಡಿದೆ. ಹೆಬ್ಬೆರಳಿನ ಹೊರಗೆ ಕಾಗದ ಬಿಳಿಯಾಗಿಯೇ ಇತ್ತು.

“ಫ್ಯಾಕ್ಟರಿ ಮಾಲು ಮಾರಾಯ” ಎಂದರು, ಕಣ್ಣು ತೆರೆಯದೆ.